ಟೀಚರ್-ಗೀಚರ್

ಟೀಚರ್ ಎಂಬ ಹೆಸರು ಅವರಿಗೆ ಬಂದದ್ದು ಕೆಲಸದಿಂದ. ಟೀಚರ್-ಗೀಚರ್ ಎಂಬ ಹೆಸರು ಬಂದದ್ದು ತಮ್ಮನಿಂದ. "ಪಾಠ ಹೇಳೋದು ಟೀಚರ್, ಬೋರ್ಡ್ ಮೇಲೆ ಗೀಚೋದು ಗೀಚರ್. ನಮ್ಮಕ್ಕ ಎರಡೂ" ಎಂದು ಅವನು ಬಂದವರಿಗೆಲ್ಲ ಪರಿಚಯ ಮಾಡಿಕೊಡುತ್ತಿದ್ದ. ತಮ್ಮ ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುತ್ತಿದ್ದವನು. ನಿವೃತ್ತನಾದ ಮೇಲೂ ದಿನಕ್ಕೊಮ್ಮೆ ಯಾರ ಮೇಲಾದರೂ ಒಂದು ಮುದ್ರೆ ಒತ್ತದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಪಕ್ಕದ ರಸ್ತೆಯಲ್ಲೇ ಮನೆ. ಸಂಜೆ ಬರುತ್ತಿದ್ದ, ಬಾಗಿಲಿಗೆ ಒರಗಿ ನಿಂತೇ ಟೀ ಕುಡಿಯುತ್ತಿದ್ದ, ಲೋಟ ಕಿಟಕಿಯ ಕಟ್ಟೆಯ ಮೇಲಿಟ್ಟು ಹೊರಟುಬಿಡುತ್ತಿದ್ದ. ಟಪಾಲು ಚೀಲ ಎಲ್ಲೋ ಕಾಯುತ್ತಿದೆಯೇನೋ ಎಂಬಂತೆ.

ಈಗ ಟೀಚರ್‌ಗೆ ವಯಸ್ಸಾಗಿದೆ. ಆ ಹೆಸರು ಕಿವಿಗೆ ಬಿದ್ದಾಗೆಲ್ಲ ಟೀ ಲೋಟ ಒಂದು ಕ್ಷಣ ಬಾಯಿಯ ಹತ್ತಿರವೇ ನಿಂತುಬಿಡುತ್ತದೆ. ಅಕ್ಕನಿಗೆ ಮಾತು ನಾಟಿತು ಎಂದು ತಮ್ಮ ಒಳಗೊಳಗೇ ಖುಷಿಪಡುತ್ತಾನೆ. ಅಕ್ಕ ಹೋಗಿರುವುದು ಬೇರೆಲ್ಲೋ. ಸಮುದ್ರದಾಚೆಯ ಒಂದು ಊರಿಗೆ, ಹೊಲಿಗೆ ಮೆಷಿನ್ನಿನ ಸದ್ದಿನ ಮೇಲೆ ಕಟ್ಟಿದಂತಿದ್ದ ಒಂದು ಕೋಣೆಗೆ, ಹಸಿರು ಬಾಗಿಲಿನ ಒಂದು ಕ್ಲಾಸಿಗೆ.

ಟೀಚರ್ ಓದಿದ್ದು ಕಾನ್ವೆಂಟಿನಲ್ಲಿ, ಕಲಿಸಿದ್ದೂ ಅದೇ ಕಾನ್ವೆಂಟಿನಲ್ಲಿ. ಬೆಂಚಿನಿಂದ ಎದ್ದು ಮೇಜಿನ ಆಚೆ ಬದಿಗೆ ಹೋಗಿ ಕೂತದ್ದಷ್ಟೇ ಅವರ ಉದ್ಯೋಗಪರ್ವ. ಎಳೆಯ ಹುಡುಗಿಯಾಗಿದ್ದಾಗ ಒಂದು ದಿನ ಅಳುತ್ತ ಎದ್ದು ನಿಂತು, "ಸಿಸ್ಟರ್, ಮೈ ಬುಕ್ಕು-ಗಿಕ್ಕು ಲಾಸ್ಟ್" ಎಂದಿದ್ದರು. ಸಿಸ್ಟರ್ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ತುಂಬ ಮೃದುವಾಗಿ, ಇಂಗ್ಲಿಷಿನಲ್ಲಿ ಕೇಳಿದ್ದರು: "ಬುಕ್ ಹುಡುಕಿಕೊಡೋಣ ಮಗು. ಗಿಕ್ ಅಂದರೆ ಏನು? ನೋಡಲು ಹೇಗಿರುತ್ತದೆ?"

ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಮಗುವಿನ ಹತ್ತಿರ ಉತ್ತರವಿರಲಿಲ್ಲ. ಬುಕ್ಕು ಸಂಜೆಯ ಹೊತ್ತಿಗೆ ಸಿಕ್ಕಿತು. ಗಿಕ್ಕು ಸಿಗಲಿಲ್ಲ.

ಅಂದೇ ಅವರು ತಲೆಯೊಳಗೆ ಒಂದು ಬೇಲಿ ಹಾಕಿದರು. ಆಚೆಗೆ ಇಂಗ್ಲಿಷು, ಈಚೆಗೆ ಕನ್ನಡ. ಮನೆಯಲ್ಲಿ ಅಕ್ಕಿ-ಗಿಕ್ಕಿ, ನೆಂಟರು-ಗಿಂಟರು ಎಷ್ಟು ಬೇಕಾದರೂ ಬರಲಿ. ಕ್ಲಾಸಿನ ಹೊಸ್ತಿಲು ದಾಟಿದ ಮೇಲೆ ಒಂದೇ ಒಂದು 'ಗಿ' ನುಸುಳಕೂಡದು. ನಿವೃತ್ತಿಯ ದಿನದ ಭಾಷಣದಲ್ಲಿ ಹೊಸ ಹೆಡ್‌ಮಿಸ್ಟ್ರೆಸ್ ಅವರ ಇಂಗ್ಲಿಷನ್ನು ಕಾಯಿಸಿ ಆರಿಸಿದ ನೀರಿಗೆ ಹೋಲಿಸಿದರು. ಹೊಗಳಿದ್ದೋ, ಸಪ್ಪೆ ಎಂದದ್ದೋ ಎಂದು ಟೀಚರ್ ಬಹಳ ದಿನ ಯೋಚಿಸಿದರು.

ಮಕ್ಕಳಿರಲಿಲ್ಲ, ಯಜಮಾನರು ಹೋಗಿ ಬಹಳ ಕಾಲವಾಗಿತ್ತು. ಬೆಳಿಗ್ಗೆ ಎದ್ದರೆ ತಿದ್ದಲು ಯಾರ ಸ್ಪೆಲಿಂಗೂ ಇಲ್ಲ. ಪೇಪರಿನಲ್ಲಿ ಬಂದ ತಪ್ಪುಗಳಿಗೆ ಕೆಂಪು ಶಾಯಿಯಲ್ಲಿ ಗುರುತು ಹಾಕತೊಡಗಿದಾಗ ತಮ್ಮನಿಗೇ ಗಾಬರಿಯಾಯಿತು. ಅಂಥ ದಿನಗಳಲ್ಲೇ ಅವರ ಕಣ್ಣಿಗೆ ಒಂದು ಪ್ರಕಟಣೆ ಬಿತ್ತು: ಪರದೇಶದ ಸಣ್ಣ ಊರುಗಳ ಶಾಲೆಗಳಲ್ಲಿ ಒಂದು ವರ್ಷ ಉಚಿತವಾಗಿ ಇಂಗ್ಲಿಷ್ ಕಲಿಸುವ ಅನುಭವಸ್ಥರು ಬೇಕಾಗಿದ್ದಾರೆ.

"ಹೋಗ್ತೀನಿ ಕಣೋ" ಎಂದರು ತಮ್ಮನಿಗೆ.

"ಅಕ್ಕ, ನಿನ್ನ ಇಂಗ್ಲಿಷು ಈ ಬೀದಿ ದಾಟಿಲ್ಲ. ಪಾಸ್‌ಪೋರ್ಟ್ ನಿಂಗಲ್ಲ, ಮೊದ್ಲು ಅದಕ್ಕೆ ಮಾಡ್ಸು."

"ದಾಟತ್ತೋ ಇಲ್ವೋ ಅಂತ ನೋಡೋಕೇ ಹೋಗೋದು."

"ಸಂಬಳ?"

"ಇಲ್ಲ. ಊಟ, ಕೋಣೆ ಕೊಡ್ತಾರಂತೆ."

"ಊಟ ಸರಿ. ಗೀಟ ಕೊಡ್ತಾರಾ?"

"ನಿನ್ನ ಬಾಯಿಗಿಷ್ಟು!" ಎಂದು ಟೀಚರ್ ಪೆಟ್ಟಿಗೆ ಕೆಳಗಿಳಿಸಿದರು.

ಊರು ಇಳಿಜಾರಿನಲ್ಲಿತ್ತು. ಬಸ್ ಡಿಪೋ ಕೆಳಗೆ, ಶಾಲೆ ಮೇಲೆ, ನಡುವೆ ಕಲ್ಲು ಹಾಸಿದ ಒಂದೇ ಬೀದಿ. ಶಾಲೆಗೆ ಹೋಗುವಾಗ ಮಂಡಿ ಬೈಯುತ್ತಿತ್ತು, ಬರುವಾಗ ಹಿಮ್ಮಡಿ. ಅವರ ಕೋಣೆ ಒಬ್ಬ ದರ್ಜಿ ಹೆಂಗಸಿನ ಮನೆಯ ಮಹಡಿಯ ಮೇಲೆ. ಟೀಚರ್‌ಗಿಂತ ನಾಲ್ಕಾರು ವರ್ಷ ಹಿರಿಯಳು. ಟೀಚರ್ ಮೊದಲ ದಿನವೇ ಅಕ್ಕ ಎಂದು ಕರೆದರು, ಅವಳು ಓಗೊಟ್ಟಳು. ಕೆಳಗಿನ ಕೋಣೆಯಲ್ಲಿ ಎರಡು ಹೊಲಿಗೆ ಮೆಷಿನ್ನು. ಒಂದು ಸದಾ ಓಡುತ್ತಿತ್ತು, ಬರೀ ಶಾಲೆಯ ಯೂನಿಫಾರ್ಮು ಹೊಲಿಯುತ್ತ. ಇನ್ನೊಂದರ ಮೇಲೆ ಹೂವಿನ ಬಟ್ಟೆಯ ಹೊದಿಕೆ.

ದರ್ಜಿ ಅಕ್ಕನಿಗೆ ಇಂಗ್ಲಿಷಿನ ಗಂಧವಿರಲಿಲ್ಲ. ಟೀಚರ್‌ಗೆ ಆ ಊರಿನ ಭಾಷೆ ಬರುತ್ತಿರಲಿಲ್ಲ. ಎರಡು ದಿನ ಕೈಸನ್ನೆ ಮಾಡಿ ಇಬ್ಬರ ತೋಳೂ ಸೋತವು. ಮೂರನೆಯ ದಿನ ಟೀಚರ್ ಬೇಸತ್ತು ಅಚ್ಚಕನ್ನಡದಲ್ಲಿ, "ಅಕ್ಕ, ನಲ್ಲೀಲಿ ಬಿಸಿನೀರು ಬರ್ತಿಲ್ಲ, ಹಲ್ಲು ಕಟಕಟ ಅಂತಿದೆ" ಎಂದರು. ದರ್ಜಿ ಅಕ್ಕ ತನ್ನ ಭಾಷೆಯಲ್ಲಿ ಏನೋ ಹೇಳುತ್ತ ಎದ್ದುಹೋಗಿ ಪೈಪಿಗೆ ಎರಡು ಗುದ್ದು ಕೊಟ್ಟಳು. ನೀರು ಬಂತು. ಅಲ್ಲಿಂದ ಅವರಿಬ್ಬರ ಮಾತು ಹಾಗೇ ಸಾಗಿತು: ಇವರು ಕನ್ನಡದಲ್ಲಿ, ಅವಳು ಅವಳದರಲ್ಲಿ. ಒಬ್ಬರ ಮಾತು ಇನ್ನೊಬ್ಬರಿಗೆ ಪೂರ್ತಿ ಅರ್ಥವಾಯಿತೆಂದೇ ಇಬ್ಬರೂ ನಂಬಿದ್ದರು.

ಮನೆಯಲ್ಲಿ ಮೂರನೆಯವಳು ಅವಳ ಮೊಮ್ಮಗಳು. ತೆಳ್ಳಗೆ, ನೆಟ್ಟಗೆ, ಎಲ್ಲಿ ಬೇಕಾದರೂ ತೂರಿಕೊಳ್ಳುವವಳು. ಟೀಚರ್ ಅವಳಿಗೆ ಸೂಜಿ ಎಂದು ಹೆಸರಿಟ್ಟರು. ಟೀಚರ್ ಪಾಠ ಮಾಡಬೇಕಾಗಿದ್ದ ಕ್ಲಾಸಿನಲ್ಲೇ ಸೂಜಿ ಕಿಟಕಿಯ ಪಕ್ಕ ಕೂರುತ್ತಿದ್ದಳು.

ಆದರೆ ಕ್ಲಾಸು ಬಾಯಿ ಬಿಡುತ್ತಿರಲಿಲ್ಲ. 'ದಿಸ್ ಈಸ್ ಎ ಪೆನ್' ಎಂದು ಟೀಚರ್ ಎಷ್ಟು ಸಲ ಪೆನ್ನು ಎತ್ತಿದರೂ ಮಕ್ಕಳು ಪೆನ್ನನ್ನು ನೋಡುತ್ತಿದ್ದರು, ಟೀಚರನ್ನು ನೋಡುತ್ತಿದ್ದರು, ಕೊನೆಗೆ ಪಾಪ ಎಂಬಂತೆ ಒಬ್ಬರನ್ನೊಬ್ಬರು ನೋಡುತ್ತಿದ್ದರು. ತಪ್ಪು ಮಾಡುವುದಕ್ಕಿಂತ ಸುಮ್ಮನಿರುವುದೇ ಮೇಲೆಂದು ಅವರಿಗೆ ಯಾರೋ ಹಿಂದೆಯೇ ಕಲಿಸಿಬಿಟ್ಟಿದ್ದರು. ಕಾಯಿಸಿ ಆರಿಸಿದ ನೀರು ಮಡಕೆಯಲ್ಲಿ ಹಾಗೇ ಉಳಿಯಿತು, ಕುಡಿಯುವವರಿಲ್ಲ.

ಒಂದು ಮಧ್ಯಾಹ್ನ ತೀರಾ ದಣಿದು, ಮೇಜಿಗೆ ಒರಗಿ, ಟೀಚರ್ ಅಂದರು: "ಆಲ್‌ರೈಟ್. ಕ್ಲೋಸ್ ಯುವರ್ ಬುಕ್ಕು-ಗಿಕ್ಕು. ಕೀಪ್ ಯುವರ್ ಪೆನ್ನು-ಗಿನ್ನು ಇನ್‌ಸೈಡ್."

ಬೇಲಿ ಯಾವಾಗ ಬಿತ್ತೋ ಅವರಿಗೆ ತಿಳಿಯಲೇ ಇಲ್ಲ. ನಮ್ಮ ಗೊರಕೆ ನಮಗೆ ಕೇಳಿಸುತ್ತದೆಯೇ? ಆದರೆ ಮಕ್ಕಳಿಗೆ ಕೇಳಿಸಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸೂಜಿ ಕಿಟಕಿ ತೋರಿಸಿ, ಮೆಲ್ಲಗೆ, "ಟೀಚರ್, ವಿಂಡೋ-ಗಿಂಡೋ?" ಎಂದಳು.

"ಯೆಸ್, ಯೆಸ್, ಅದನ್ನೂ ಮುಚ್ಚು" ಎಂದರು ಟೀಚರ್, ಡಸ್ಟರ್ ಹುಡುಕುತ್ತ.

ಆ ಗಳಿಗೆಯಿಂದ ಕ್ಲಾಸಿಗೆ ಬಾಯಿ ಬಂತು. ಮೊದಲ ಅಕ್ಷರ ಕಿತ್ತು ಹಾಕು, ಗಿ ಸೇರಿಸು: ಇಂಗ್ಲಿಷಿನಲ್ಲಿ ಇಷ್ಟು ಸುಲಭವಾದ ನಿಯಮ ಅವರಿಗೆ ಇನ್ನೊಂದು ಸಿಕ್ಕಿರಲಿಲ್ಲ. ಚೇರು-ಗೀರು, ಬಸ್ಸು-ಗಿಸ್ಸು, ರೈನು-ಗೀನು. ಗೊತ್ತಿಲ್ಲದ ಪದದ ಜಾಗದಲ್ಲೂ ಒಂದು ಗಿ ಕೂರಿಸಿದರೆ ವಾಕ್ಯ ಮುಂದೆ ನಡೆಯುತ್ತಿತ್ತು. ಶಾಲೆಯ ಗೇಟಿನಿಂದ ಡಿಪೋವರೆಗೆ ಮಕ್ಕಳು ಇಂಗ್ಲಿಷಿನಲ್ಲಿ ಜಗಳವಾಡಿಕೊಂಡು ಇಳಿಯತೊಡಗಿದರು. ಟೀಚರ್ ಪರಮಸಂತೋಷದಿಂದ ತಮ್ಮನಿಗೆ ಫೋನು ಮಾಡಿ, "ಏನಂದ್ಕೊಂಡಿದೀಯ? ನಂದು ಇಲ್ಲಿ ನೀರು ಕುಡಿದ ಹಾಗೆ ನಡೀತಿದೆ" ಎಂದರು. ಮಕ್ಕಳ ಬಾಯಲ್ಲಿನ ಗಿ ಅವರ ಕನ್ನಡದ ಕಿವಿಗೆ ಬೇರೆಯಾಗಿ ಕೇಳಿಸುತ್ತಲೇ ಇರಲಿಲ್ಲ. ಮನೆಯಲ್ಲಿದ್ದ ಹಾಗೆ ಹಿತವಾಗಿದೆ ಎಂದಷ್ಟೇ ಅನ್ನಿಸುತ್ತಿತ್ತು. ಯಾಕೆಂದು ಅವರು ಕೇಳಿಕೊಳ್ಳಲಿಲ್ಲ.

ಕೇಳಿದ್ದು ಅಲ್ಲಿನ ಮುಖ್ಯೋಪಾಧ್ಯಾಯಿನಿ. ನಿಘಂಟು ಓದಿಯೇ ಇಂಗ್ಲಿಷ್ ಕಲಿತ, ಪ್ರತಿ ಪದಕ್ಕೂ ಮುಂಚೆ ಒಮ್ಮೆ ಉಸಿರೆಳೆದುಕೊಳ್ಳುವ ಸಂಕೋಚದ ಹೆಂಗಸು. ಒಂದು ದಿನ ನಿಘಂಟನ್ನು ಎದೆಗವಚಿಕೊಂಡು ಟೀಚರ್ ಹತ್ತಿರ ಬಂದಳು.

"ಕ್ಷಮಿಸಿ ಮೇಡಂ. ನಾನು 'ಜಿ' ಅಕ್ಷರ ಪೂರ್ತಿ ಹುಡುಕಿದೆ. ಗಿಂಡೋ ಸಿಗಲಿಲ್ಲ."

"ಏನು ಸಿಗಲಿಲ್ಲ?"

"ಗಿಂಡೋ. ಕಿಟಕಿಯ ಚೌಕಟ್ಟಿಗೆ ಅನ್ನುತ್ತಾರೋ, ಗಾಜಿಗೋ? ನಾನೂ ಸ್ಟಾಫ್‌ರೂಮಿನಲ್ಲಿ ಬಳಸುತ್ತಿದ್ದೇನೆ, ತಪ್ಪಾಗಬಾರದಲ್ಲ."

ಟೀಚರ್‌ಗೆ ಕಿವಿ ಬಿಸಿಯಾಯಿತು. ಆಗ ಹೊರಗಿನಿಂದ, ಮೊದಲ ಬಾರಿಗೆ ಎಂಬಂತೆ, ಆಟದ ಬಯಲಿನ ಗದ್ದಲ ಕೇಳಿಸಿತು: ಬಾಲು-ಗೀಲು, ಶೂಸು-ಗೀಸು, ಫ್ರೆಂಡು-ಗಿಂಡು. ಇಡೀ ಶಾಲೆ ಗಿಗುಡುತ್ತಿತ್ತು.

ಮುಖ್ಯೋಪಾಧ್ಯಾಯಿನಿ ಇನ್ನೊಂದು ಸುದ್ದಿಯನ್ನೂ ತಂದಿದ್ದಳು. ತಿಂಗಳ ಕೊನೆಗೆ ಜಿಲ್ಲೆಯಿಂದ ಪರೀಕ್ಷಕರು ಬರುತ್ತಾರೆ. ಇಂಗ್ಲಿಷಿನಲ್ಲಿ ಮಾತಾಡಿಸಿ ನೋಡುತ್ತಾರೆ. ಪಾಸಾದವರಿಗೆ ಪಟ್ಟಣದ ದೊಡ್ಡ ಶಾಲೆ. ಉಳಿದವರ ಓದು ಇಲ್ಲಿಗೇ ಮುಗಿಯಿತು.

ಸಂಜೆ ಟೀಚರ್ ಕೆಳಗಿನ ಕೋಣೆಯಲ್ಲಿ ಹೊದಿಕೆ ಹೊದ್ದ ಮೆಷಿನ್ನನ್ನೇ ನೋಡುತ್ತ ಕೂತರು. ದರ್ಜಿ ಅಕ್ಕನಿಗೆ ಪರೀಕ್ಷೆಯ ವಿಷಯ ಮುಟ್ಟಿತ್ತು. ಹಲ್ಲಿನಲ್ಲಿ ದಾರ ಕಡಿಯುತ್ತ ಅವಳು ಹೇಳಿದಳು. ಟೀಚರ್‌ಗೆ ಅರ್ಥವಾದದ್ದು ಇಷ್ಟು: "ಆ ಮೆಷಿನ್ನು ಮೊಮ್ಮಗಳಿಗೋಸ್ಕರ ಇಟ್ಟಿದ್ದು. ಪಾಸಾದ್ರೆ ಮಾರ್ತೀನಿ. ಇಲ್ಲಾಂದ್ರೆ ಎಣ್ಣೆ ಬಿಡ್ತೀನಿ, ಕೂತ್ಕೊಂಡು ಹೊಲೀಲಿ."

"ಮಾರು ಅಕ್ಕ, ಮಾರು. ಎಣ್ಣೆ-ಗಿಣ್ಣೆ ಮುಟ್ಟಬೇಡ" ಎಂದರು ಟೀಚರ್. ಎಂದವರೇ ನಾಲಿಗೆ ಕಚ್ಚಿಕೊಂಡರು.

ಮರುದಿನದಿಂದ ಕಳೆ ಕೀಳುವ ಕೆಲಸ. 'ಗಿ ಇಂಗ್ಲಿಷ್ ಅಲ್ಲ' ಎಂದು ಬೋರ್ಡಿನ ಮೇಲೆ ದಪ್ಪಗೆ ಬರೆದು, ಕೆಳಗೆ ಗೀಟೆಳೆದರು. ಮಕ್ಕಳು ನಂಬಲಿಲ್ಲ, ಟೀಚರೇ ಹೇಳಿಕೊಟ್ಟದ್ದಲ್ಲವೇ? ಸೂಜಿ ಎದ್ದು, "ಟೀಚರ್, ಮೈ ಚೇರು-ಗೀರು ಬ್ರೋಕನ್" ಎಂದಳು.

"ಚೇರ್ ರಿಪೇರಿ ಮಾಡಿಸೋಣ" ಎಂದರು ಟೀಚರ್, ಕನ್ನಡಕವನ್ನು ಮೂಗಿನ ತುದಿಗಿಳಿಸಿ. "ಗೀರ್ ಅಂದರೆ ಏನು ಮಗು?"

ದನಿ ಅವರದಲ್ಲ. ಬಾಲ್ಯದ ಸಿಸ್ಟರ್ ಗಂಟಲಲ್ಲಿ ಬಂದು ಕೂತಿದ್ದರು. ಆ ಮೃದುತ್ವ ಕೂಡ ಹಾಗೇ ಇತ್ತು. ಕ್ಲಾಸು ನಕ್ಕಿತು. ಸೂಜಿ ಕೆಂಪಾಗಿ, ಮುರಿದ ಕುರ್ಚಿಯ ಮೇಲೇ ಕೂತು, ಬಾಯಿಗೆ ಹೊಲಿಗೆ ಹಾಕಿಕೊಂಡಳು.

ಆಮೇಲಿನ ದಿನಗಳಲ್ಲಿ ಇಂಗ್ಲಿಷ್ ಶುದ್ಧವಾಯಿತು. ಎಷ್ಟು ಶುದ್ಧವೆಂದರೆ ಅದರಲ್ಲಿ ಮಾತೇ ಇರಲಿಲ್ಲ. ಬಾಯಿಪಾಠದ ಐದಾರು ವಾಕ್ಯ ಬಿಟ್ಟರೆ ಮಕ್ಕಳು ಮತ್ತೆ ಮೊದಲಿನ ಹಾಗೆ ಅವರನ್ನು ನೋಡುತ್ತ ಕೂರತೊಡಗಿದರು. ರಾತ್ರಿ ಊಟಕ್ಕೆ ಕೂತಾಗ ಸೂಜಿ ಟೀಚರ್ ಕಡೆ ಉಪ್ಪಿನ ಡಬ್ಬಿ ತಳ್ಳುತ್ತಿದ್ದಳು, ಕಣ್ಣು ಎತ್ತುತ್ತಿರಲಿಲ್ಲ.

"ಏನಾಯ್ತು ನಿಮ್ಮಿಬ್ಬರಿಗೆ?" ಎಂದು ದರ್ಜಿ ಅಕ್ಕ ಕೇಳಿದಳು.

"ನಾನು ಒಳ್ಳೆ ಟೀಚರ್ ಆಗಿಬಿಟ್ಟೆ ಅಕ್ಕ" ಎಂದರು ಟೀಚರ್. ಅದು ಮಾತ್ರ ಅವಳಿಗೆ ಅರ್ಥವಾಗಲಿಲ್ಲ.

ಪರೀಕ್ಷಕರು ಬಂದರು. ಉದ್ದ ಕೋಟು, ಸಣ್ಣ ಕತ್ತು, ಭಾರಿ ನೆಗಡಿ. ಟೀಚರ್ ಹಿಂದಿನ ಗೋಡೆಗೆ ಒರಗಿ ನಿಂತಿರಬೇಕು, ತುಟಿ ಬಿಚ್ಚಕೂಡದು ಎಂದು ಮುಖ್ಯೋಪಾಧ್ಯಾಯಿನಿ ಎರಡು ಸಲ ಉಸಿರೆಳೆದುಕೊಂಡು ಹೇಳಿದ್ದಳು. ಮೊದಲಿನ ಮಕ್ಕಳು ಬಾಯಿಪಾಠ ಒಪ್ಪಿಸಿದರು. ಪರೀಕ್ಷಕರು ಆಚೀಚೆ ಒಂದು ಪ್ರಶ್ನೆ ಕೇಳಿದರೆ ಮುಗಿಯಿತು, ಕಲ್ಲು. ಅವರ ಪೆನ್ನು ಬೇಸರದಿಂದ ಒಂದೊಂದೇ ಅಡ್ಡಗೆರೆ ಎಳೆಯುತ್ತ ಬಂತು.

ಸೂಜಿಯ ಸರದಿ. "ನಿಮ್ಮ ಮನೆಗೆ ಯಾರಾದರೂ ಬಂದರೆ ನೀನು ಏನು ಮಾಡುತ್ತೀಯ?" ಎಂದರು ಪರೀಕ್ಷಕರು, ಇಂಗ್ಲಿಷಿನಲ್ಲಿ.

ಸೂಜಿ ನೆಟ್ಟಗೆ ನಿಂತಿದ್ದಳು. ತುಟಿ ಅಲುಗಿತು, ನಿಂತಿತು. ಅವಳ ನಾಲಿಗೆಯ ತುದಿಯಲ್ಲಿ ಏನಿದೆಯೆಂದು ಟೀಚರ್‌ಗೆ ಗೊತ್ತಿತ್ತು. ಅದನ್ನು ಅಲ್ಲಿ ತಡೆದು ನಿಲ್ಲಿಸಿದವರು ಯಾರೆಂದೂ ಗೊತ್ತಿತ್ತು. ಹೂವಿನ ಹೊದಿಕೆ ಕಣ್ಣ ಮುಂದೆ ಬಂತು. ಪೆನ್ನು ಅಡ್ಡಗೆರೆಗೆ ಬಾಗಿತು.

ಆಗ ಪರೀಕ್ಷಕರಿಗೆ ಸೀನು ಬಂತು. ಒಂದಲ್ಲ, ಸಾಲು ಸಾಲಾಗಿ. ಮುಖ ಕೆಂಪಾಗಿ, ಕಣ್ಣಲ್ಲಿ ನೀರು ಬಂದು, ಕುರ್ಚಿ ಹಿಡಿದುಕೊಂಡರು. ಮನೆಗೆ ಬಂದವರು ಸೀನಿದರೆ ಟೀಚರ್ ಏನನ್ನುತ್ತಿದ್ದರೋ ಅದೇ ಬಾಯಿಂದ ಬಂತು, ಗಟ್ಟಿಯಾಗಿ:

"ಸರ್, ವಾಟರ್-ಗೀಟರ್?"

ಇಲ್ಲಿ ಗಿಟಾರ್ ಎಲ್ಲಿಂದ ಬಂತೆಂದು ಪರೀಕ್ಷಕರು ಸುತ್ತ ನೋಡಿದರು. ಮುಖ್ಯೋಪಾಧ್ಯಾಯಿನಿ ಕಣ್ಣು ಮುಚ್ಚಿಕೊಂಡಳು. ಕ್ಲಾಸು ಭುಸ್ಸೆಂದು ನಕ್ಕಿತು. ಸೂಜಿ ಹಿಂದಕ್ಕೆ ತಿರುಗಿ ಟೀಚರನ್ನು ನೋಡಿದಳು. ಟೀಚರ್ ತಲೆಯಾಡಿಸಿದರು. ಹೂಂ, ಹೇಳು.

"ಸರ್, ಐ ಸೇ, ಕಮ್, ಸಿಟ್" ಎಂದಳು ಸೂಜಿ. "ಐ ಗಿವ್ ವಾಟರ್-ಗೀಟರ್. ಐ ಗಿವ್ ಟೀ-ಗೀ."

ಪರೀಕ್ಷಕರು ಮೂಗೊರೆಸಿಕೊಂಡು ಮುಂದಕ್ಕೆ ಬಾಗಿದರು. "ಟೀ ಗೊತ್ತು. ಗೀ ಅಂದರೆ ಏನು?"

ಟೀಚರ್‌ಗೆ ಬೆನ್ನ ಹಿಂದಿನ ಗೋಡೆ ತಣ್ಣಗೆ ತಾಗಿತು. ಅದೇ ಪ್ರಶ್ನೆ. ಸಮುದ್ರ ದಾಟಿ, ಇಷ್ಟು ವರ್ಷ ದಾಟಿ, ಕೋಟು ಹಾಕಿಕೊಂಡು ಬಂದು ಕೂತಿದೆ. ಉತ್ತರ ಈಗಲೂ ಅವರ ಹತ್ತಿರವಿರಲಿಲ್ಲ.

ಸೂಜಿಯ ಹತ್ತಿರ ಇತ್ತು. "ಸರ್," ಎಂದಳು, ಬೆರಳಿನಿಂದ ಗಾಳಿಯಲ್ಲಿ ಲೋಟ ತೋರಿಸುತ್ತ, "ಟೀ, ಯು ಡ್ರಿಂಕ್, ಯು ಗೋ. ಟೀ-ಗೀ, ಯು ಸಿಟ್."

ಯಾರೂ ನಗಲಿಲ್ಲ. ಪರೀಕ್ಷಕರು ಪೆನ್ನಿನ ಮುಚ್ಚಳ ಹಾಕಿದರು. "ನಮ್ಮ ಆಫೀಸಿನಲ್ಲಿ ಬರೀ ಟೀ ಇದೆ" ಎಂದರು, ಯಾರಿಗೆ ಎಂದಿಲ್ಲದೆ. ಆಮೇಲೆ ಕೇಳಿದರು: "ಈ ನಿಯಮ ಎಲ್ಲದಕ್ಕೂ ನಡೆಯುತ್ತದೆಯೋ? ಎಕ್ಸಾಮಿನರ್‌ಗೆ?"

"ಎಕ್ಸಾಮಿನರ್-ಗಿಕ್ಸಾಮಿನರ್!" ಎಂದು ಇಡೀ ಕ್ಲಾಸು ಒಟ್ಟಿಗೆ ಕೂಗಿತು. ಅಲ್ಲಿಂದ ಮುಂದೆ ಯಾರು ಯಾರ ಪರೀಕ್ಷೆ ಮಾಡಿದರೋ ಹೇಳುವುದು ಕಷ್ಟ. ಕಲ್ಲಾಗಿದ್ದವರೂ ಕೈಯೆತ್ತಿದರು. ಅವರ ಕೋಟು ಎಲ್ಲಿ ಹೊಲಿಸಿದ್ದು, ನೆಗಡಿಗೆ ಔಷಧಿ-ಗೀಷಧಿ ತೆಗೆದುಕೊಂಡರೋ ಇಲ್ಲವೋ, ಎಲ್ಲ ವಿಚಾರಣೆ ನಡೆಯಿತು. ಅಡ್ಡಗೆರೆಗಳ ಮೇಲೆ ಪೆನ್ನು ಎರಡನೆಯ ಸಲ ಓಡಾಡಿದ್ದನ್ನು ಟೀಚರ್ ದೂರದಿಂದ ನೋಡಿದರು. ಏನು ಬರೆದರೋ ಕಾಣಲಿಲ್ಲ.

ಫಲಿತಾಂಶ ಬರುವ ದಿನ ಟೀಚರ್ ಡಿಪೋ ಹತ್ತಿರ ಸೋಪು ತರಲು ಹೋಗಿ, ಬೇಕೆಂದೇ ತಡಮಾಡಿ ಮನೆಗೆ ಬಂದರು. ಬಾಗಿಲಲ್ಲೇ ಕಾಲು ನಿಂತಿತು. ಹೂವಿನ ಹೊದಿಕೆ ನೆಲದ ಮೇಲಿತ್ತು. ದರ್ಜಿ ಅಕ್ಕ ಎರಡನೆಯ ಮೆಷಿನ್ನಿನ ಮುಂದೆ ಮಂಡಿಯೂರಿ, ಸಣ್ಣ ಡಬ್ಬಿಯಿಂದ ತೊಟ್ಟು ತೊಟ್ಟಾಗಿ ಎಣ್ಣೆ ಬಿಡುತ್ತಿದ್ದಳು.

ಟೀಚರ್ ಸೋಪಿನ ಪೊಟ್ಟಣ ಎದೆಗೊತ್ತಿಕೊಂಡು ಮೆಟ್ಟಿಲ ಮೇಲೆ ಕುಸಿದು ಕೂತರು. "ಅಯ್ಯೋ ಅಕ್ಕ" ಎಂದರು. "ನನ್ನಿಂದಾಗಿ ಹೀಗಾಯ್ತಲ್ಲ. ಹಾಳು ಗಿ."

ದರ್ಜಿ ಅಕ್ಕ ತಲೆಯೆತ್ತಿ, ಇವರಿಗೇನಾಯಿತೆಂದು ನೋಡಿ, ಕೈ ಒರೆಸಿಕೊಳ್ಳುತ್ತ ಬಯ್ಯತೊಡಗಿದಳು. ಆ ಬೈಗುಳದ ಕನ್ನಡ ಹೀಗಿತ್ತು: "ಹುಚ್ಚೀ, ಕೊಳ್ಳೋನು ನಾಳೆ ಬರ್ತಾನೆ. ಕಿರುಗುಟ್ಟೋ ಮೆಷಿನ್ನು ಯಾರಾದ್ರೂ ತಗೋತಾರಾ? ಮಾರೋಕೂ ಎಣ್ಣೆ ಬೇಕು."

ಮಹಡಿಯಿಂದ ಸೂಜಿ ಧಡಧಡ ಇಳಿದು ಬಂದಳು. "ಟೀಚರ್! ಪಾಸು-ಗೀಸು!"

ಪರೀಕ್ಷಕರ ಷರಾ ಹೀಗಿತ್ತಂತೆ: ವ್ಯಾಕರಣ ಸಾಲದು, ಆದರೆ ಮಾತಾಡುತ್ತಾಳೆ. ಸೂಜಿಯೊಂದಿಗೆ ಇನ್ನೂ ಕೆಲವರು ದಡ ಸೇರಿದ್ದರು. ಎಲ್ಲರೂ ಅಲ್ಲ.

ಆ ಮೆಷಿನ್ನು ಸರಿಯಾಗಿ ಓಡುತ್ತದೋ ಎಂದು ನೋಡಲು ದರ್ಜಿ ಅಕ್ಕ ಅದರಲ್ಲಿ ಕಡೆಯದಾಗಿ ಒಂದು ಕೈಚೀಲ ಹೊಲಿದಳು, ಯೂನಿಫಾರ್ಮಿನ ನೀಲಿ ಬಟ್ಟೆಯಲ್ಲಿ. ಹೊರಗೆ ಎರಡು ಜೇಬು. ದೊಡ್ಡದರ ಮೇಲೆ ಕೆಂಪು ದಾರದಲ್ಲಿ ಇಂಗ್ಲಿಷ್ ಅಕ್ಷರಗಳು: ಬುಕ್. ಚಿಕ್ಕದರ ಮೇಲೆ: ಗಿಕ್. ಅಕ್ಷರ ಬರೆದುಕೊಟ್ಟವಳು ಯಾರೆಂದು ಹೇಳಬೇಕಿಲ್ಲ.

ವರ್ಷ ಮುಗಿದು ಹೊರಡುವ ಬೆಳಿಗ್ಗೆ ಡಿಪೋದಲ್ಲಿ ಸೂಜಿ ಆ ಚೀಲವನ್ನು ಟೀಚರ್ ಕೈಗಿಟ್ಟು, ಹುಬ್ಬು ಗಂಟಿಕ್ಕಿ ನಿಂತಳು. "ಟೀಚರ್, ದಿಸ್ ಈಸ್ ಗಿಫ್ಟ್-" ಎಂದು ತಡೆದಳು. ಗಿಫ್ಟಿಗೆ ಏನು ಸೇರಿಸುವುದು? ನಿಯಮ ಕೈಕೊಟ್ಟಿತ್ತು.

ಬಸ್ಸಿನ ಚಾಲಕ ಹಾರನ್ ಒತ್ತುತ್ತಿದ್ದ. ಟೀಚರ್ ಅವಳ ತಲೆಗೂದಲು ಸರಿ ಮಾಡಿದರು. "ಗಿಫ್ಟಿಗೆ ಬೇರೆ ಗಿ ಬೇಡ ಮಗಳೇ. ಅದರಲ್ಲೇ ಇದೆ" ಎಂದರು, ಕನ್ನಡದಲ್ಲಿ. ಸೂಜಿ ಅರ್ಥವಾದವಳಂತೆ ತಲೆಯಾಡಿಸಿದಳು. ಅಜ್ಜಿಯ ಮೊಮ್ಮಗಳಲ್ಲವೇ.

ಕೆಲವು ವರ್ಷ ಫೋನು ಬರುತ್ತಿತ್ತು. ದೊಡ್ಡ ಶಾಲೆ ಮುಗಿಸಿದ್ದು ತಿಳಿಯಿತು. ದರ್ಜಿ ಅಕ್ಕ ತೀರಿಹೋದದ್ದೂ ತಿಳಿಯಿತು. ಆಮೇಲೆ ಸೂಜಿಗೆ ಬೇರೆ ಊರು, ಬೇರೆ ನಂಬರು. ಟೀಚರ್ ಈಗಲೂ ನಲ್ಲಿ ಕೈಕೊಟ್ಟಾಗ ಪೈಪಿಗೆ ಎರಡು ಗುದ್ದು ಕೊಡುತ್ತಾರೆ. ಇಲ್ಲಿಯ ಪೈಪು ಕೇಳುವುದಿಲ್ಲ.

ನೀಲಿ ಚೀಲ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿದೆ. ತರಕಾರಿ ಹೊತ್ತು ಹೊತ್ತು ಬುಕ್ಕಿನ ದಾರ ಸವೆದು, ಅಕ್ಷರ ಅರ್ಧ ಅಳಿಸಿದೆ. ಗಿಕ್ಕು ಮಾತ್ರ ಗಟ್ಟಿಯಾಗಿದೆ.

ನಿನ್ನೆ ಸಂಜೆಯೂ ತಮ್ಮ ಬಂದ. ಬಾಗಿಲಿಗೆ ಒರಗಿದ. "ಟೀಚರ್-ಗೀಚರ್, ಟೀ ಆಯ್ತಾ?"

ಟೀಚರ್ ಒಳಗಿನಿಂದಲೇ ಕೇಳಿದರು. "ಟೀ ಬೇಕೋ, ಟೀ-ಗೀ ಬೇಕೋ?"

"ಎರಡಕ್ಕೂ ಏನ್ ವ್ಯತ್ಯಾಸ?"

ಟೀಚರ್ ಹೊರಗೆ ಬಂದು ಇನ್ನೊಂದು ಕುರ್ಚಿ ಎಳೆದು ಹಾಕಿದರು. ತಮ್ಮ ಕುರ್ಚಿ ನೋಡಿದ, ರಸ್ತೆ ನೋಡಿದ, ಅಕ್ಕನನ್ನು ನೋಡಿದ. ಆಮೇಲೆ, ಗೊಣಗುತ್ತಲೇ, ಕೂತ.